ಲೈನಿನಲ್ಲೇ ಇರಿ

“ಎಡಕ್ಕೆ, ಎಡಕ್ಕೆ! ಅಯ್ಯೋ, ನಿಮ್ಮ ಎಡಕ್ಕಲ್ಲಪ್ಪಾ, ನನ್ನ ಎಡಕ್ಕೆ!”

ಮೆಟ್ಟಿಲ ತಿರುವಿನಲ್ಲಿ ಪೆಟ್ಟಿಗೆ ಸಿಕ್ಕಿಹಾಕಿಕೊಂಡಿತ್ತು. ಮೇಲಿನಿಂದ ಇಬ್ಬರು ತಳ್ಳುತ್ತಿದ್ದರು, ಕೆಳಗಿನಿಂದ ಇಬ್ಬರು ಎಳೆಯುತ್ತಿದ್ದರು. ನಡುವೆ ಗೋಡೆಗೆ ಬೆನ್ನು ಆನಿಸಿ ನಿಂತ ಸೋದರಮಾವ ನಾಲ್ವರಿಗೂ ಅಪ್ಪಣೆ ಕೊಡುತ್ತಿದ್ದರು. ಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಟೀಚರಿಗೆ ತಲೆ ಚಿಟ್ಟು ಹಿಡಿಯಿತು. ಅಮ್ಮ ಬದುಕಿದ್ದಾಗ ವರ್ಷಗಟ್ಟಲೆ ಈ ಮೆಟ್ಟಿಲು ತುಳಿಯದೆ ಮುಖ ತಿರುಗಿಸಿಕೊಂಡು ಓಡಾಡಿದ ಮನುಷ್ಯ, ಈಗ ಅವಳು ಕೊನೆಯ ಸಲ ಇಳಿಯುವ ಹೊತ್ತಿಗೆ ಮೇಸ್ತ್ರಿಯ ಹಾಗೆ ಬಂದು ನಿಂತಿದ್ದಾರೆ.

“ಮಾಮ, ನೀವೂ ಒಂದು ಕೈ ಹಾಕಿದ್ರೆ ಬೇಗ ಆಗುತ್ತೆ.”

“ನಂಗೆ ಸೊಂಟನೋವು ಕಣಮ್ಮ, ಗೊತ್ತಲ್ಲ. ಸ್ವಲ್ಪ ಓರೆ ಮಾಡ್ರಯ್ಯ, ಓರೆ!”

“ಬಿಡಿ, ನಾನು ಹಿಡೀತೀನಿ,” ಎಂದು ಟೀಚರ ಮಗಳು ಗಂಡಸರ ನಡುವೆ ನುಗ್ಗಿ, ಪೆಟ್ಟಿಗೆಯ ಮೂಲೆಗೆ ಕೈಹಾಕಿದಳು. ಮುಚ್ಚಳದ ಮೇಲೆ ಬಿಳಿ ಹೂಗಳ ರಾಶಿಯಿತ್ತು. ಬಗ್ಗಿದವಳು ಅಲ್ಲೇ ತಡೆದು, ಬಾಯಿಗೆ ಕೈ ಅಡ್ಡ ಹಿಡಿದು, ತಾಯಿಯನ್ನು ಹೆಚ್ಚುಕಡಿಮೆ ತಳ್ಳಿಕೊಂಡೇ ಒಳಗೆ ಓಡಿದಳು. ಹಿಂದೆಯೇ ವಾಂತಿಯ ಸದ್ದು.

“ಪಾಪ, ಅಜ್ಜಿ ಅಂದ್ರೆ ಪ್ರಾಣ,” ಎಂದರು ಮಾಮ.

ಟೀಚರು ಒಳಗೆ ಹೋದಳು. ಬೆಳಿಗ್ಗೆ ಚಹಾ ಲೋಟವನ್ನು ಮಗಳು ದೂರ ಸರಿಸಿದ್ದು ನೆನಪಾಯಿತು. ನೆಂಟರು ಬಂದಾಗಿನಿಂದಲೂ ದೊಗಳೆ ಅಂಗಿಯ ಮೇಲೆ ಶಾಲು ಹೊದ್ದೇ ಓಡಾಡುತ್ತಿದ್ದಳು. ಹೊರಗೆ ಸುಡುವ ಬಿಸಿಲು.

ಮಗಳು ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು ಮುಖ ತೊಳೆಯುತ್ತಿದ್ದಳು. ಟೀಚರು ನಲ್ಲಿ ನಿಲ್ಲಿಸಿದಳು.

“ಎಷ್ಟು ತಿಂಗಳು?”

ಕನ್ನಡಿಯಲ್ಲೇ ಇಬ್ಬರ ಕಣ್ಣೂ ಕೂಡಿದವು.

“ನಾಲ್ಕು.”

“ನಂಗ್ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀನು ನಾಲ್ಕು ಜನಕ್ಕೆ ಹೇಳ್ತೀಯ. ಆಫೀಸಿಗೆ ಗೊತ್ತಾಗಬಾರದು ಅಮ್ಮ. ಪರ್ಮನೆಂಟ್ ಆಗೋ ತನಕ ಮಗು ಗಿಗು ಅಂತ ಬರಬೇಡಿ ಅಂದಿದ್ದಾರೆ.”

“ಯಾರಂದಿದ್ದು?”

“ಇಂಟರ್‌ವ್ಯೂನಲ್ಲೇ ಅಂದ್ರು. ನಗ್ತಾ ಅಂದ್ರು. ನಾನೂ ನಕ್ಕೆ.”

ಟೀಚರಿಗೆ ಕೋಪ ನೆತ್ತಿಗೇರಿತು. ಕೋಪ ಯಾರ ಮೇಲೆ ಎಂದು ತಿಳಿಯದೆ ಎದುರಿಗಿದ್ದವಳ ಮೇಲೇ ಹರಿಯಿತು. “ನಗ್ತಾ ಒಪ್ಕೊಂಡು ಬಂದ್ಯಾ? ನಿಮ್ಮಜ್ಜಿ ಹೆಣ ಇನ್ನೂ ಮೆಟ್ಟಿಲು ಇಳಿದಿಲ್ಲ. ಆಕೆ ಏನು ಮಾಡಿದ್ಲು ಅಂತ ಗೊತ್ತಿದ್ದೂ ಶಾಲು ಹೊದ್ಕೊಂಡು ಮುಚ್ಚಿಡ್ತಿದ್ದೀಯಲ್ಲೇ!”

“ಅಜ್ಜಿಗೆ ಜಗಳಾಡೋದಕ್ಕೆ ಒಂದು ರೂಲ್ಸಾದ್ರೂ ಇತ್ತು,” ಮಗಳು ಮುಖ ಒರೆಸಿಕೊಂಡಳು. “ನಂಗೆ ಏನಿದೆ? ಕಾನೂನೆಲ್ಲ ನನ್ನ ಕಡೆಗೇ ಇದೆ ಅಮ್ಮ. ಅವರೂ ಹೊಟ್ಟೆ ನೋಡಿ ತೆಗೆಯಲ್ಲ, ‘ನಿನ್ನ ಕೆಲಸ ಸಾಲದು’ ಅಂತ ತೆಗೀತಾರೆ. ಬರೀ ಬಾಯಿಮಾತಿನ ಜೊತೆ ಹೇಗೆ ಜಗಳಾಡೋದು, ನೀನೇ ಹೇಳು.”

ಹೊರಗೆ ಧಡ್ ಎಂದು ಸದ್ದಾಯಿತು. ಪೆಟ್ಟಿಗೆ ತಿರುವು ದಾಟಿರಬೇಕು.

“ಅಜ್ಜಿಗೆ ಗೊತ್ತಿತ್ತು,” ಎಂದಳು ಮಗಳು, ಬಾಗಿಲು ದಾಟುತ್ತ.

*

ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದ ಕಾಲದಲ್ಲಿ ಊರಿನ ಯಾವ ಮಾತೂ ಹೆಂಗಸರ ಕೈ ದಾಟದೆ ಇನ್ನೊಂದು ಕಿವಿ ಸೇರುತ್ತಿರಲಿಲ್ಲ. ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಜೇನುಗೂಡಿನಂತೆ ತೂತುಗಳಿದ್ದ ಬೋರ್ಡು, ಅದರ ಮುಂದೆ ಎತ್ತರದ ಸ್ಟೂಲುಗಳ ಮೇಲೆ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಸಾಲಾಗಿ ಕೂತ ಹೆಂಗಸರು. ದೀಪ ಹೊತ್ತಿದ ಕಡೆ ವೈರಿನ ಒಂದು ತುದಿ ಚುಚ್ಚಿ “ನಂಬರ್ ಪ್ಲೀಸ್” ಅನ್ನಬೇಕು, ಅವರು ಕೇಳಿದ ನಂಬರಿನ ತೂತಿಗೆ ಇನ್ನೊಂದು ತುದಿ ಚುಚ್ಚಬೇಕು. ಅಮ್ಮನದು ಉದ್ದ ಕೈ. ಬೇರೆಯವರು ಎದ್ದು ನಿಂತು ಮುಟ್ಟುವ ಮೇಲಿನ ಸಾಲನ್ನು ಅವಳು ಕೂತಲ್ಲಿಂದಲೇ ಮುಟ್ಟುತ್ತಿದ್ದಳು. ನಿವೃತ್ತಿಯಾದ ಮೇಲೂ ಮನೆಯ ಫೋನು ಎತ್ತಿದರೆ ಬಾಯಿಗೆ ಮೊದಲು ಬರುತ್ತಿದ್ದುದು ಆ ಎರಡೇ ಮಾತು. ಬೀದಿಯ ಮಕ್ಕಳಿಗೆಲ್ಲ ಅವಳು ‘ನಂಬರ್ ಪ್ಲೀಸ್ ಅಜ್ಜಿ’.

ಆಗೊಂದು ನಿಯಮವಿತ್ತು. ಮದುವೆಯಾದ ಹೆಂಗಸು ಕೆಲಸ ಬಿಡಬೇಕು. ಗಂಡಸು ಮದುವೆಯಾದರೆ ಇಲಾಖೆ ಕ್ವಾರ್ಟರ್ಸ್ ಕೊಡುತ್ತಿತ್ತು. ಹೆಂಗಸು ಮದುವೆಯಾದರೆ ಒಂದು ಗೋಡೆ ಗಡಿಯಾರ ಕೊಟ್ಟು, ಚಪ್ಪಾಳೆ ತಟ್ಟಿ, ಬಾಗಿಲ ತನಕ ಬಿಟ್ಟುಬರುತ್ತಿದ್ದರು.

ಅಮ್ಮನಿಗೆ ಗಡಿಯಾರ ಬೇಕಿರಲಿಲ್ಲ. ಅಚ್ಚುಮೊಳೆ ಜೋಡಿಸುವ ಒಬ್ಬ ಪ್ರೆಸ್ಸಿನವನನ್ನು ಸದ್ದಿಲ್ಲದೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದಳು. ಸಾಕ್ಷಿ ಹಾಕಿದವರು ಎಕ್ಸ್‌ಚೇಂಜಿನ ಇಬ್ಬರು ಗೆಳತಿಯರು. ದೂರದ ಊರುಗಳ ಕರೆ ನೋಡಿಕೊಳ್ಳುತ್ತಿದ್ದವಳು ಟ್ರಂಕ್ ಅಕ್ಕ, ಕೇಳಿದವರಿಗೆ ನಂಬರು ಹುಡುಕಿಕೊಡುತ್ತಿದ್ದವಳು ಎನ್‌ಕ್ವೈರಿ ಅಕ್ಕ. ಬೆಳಿಗ್ಗೆ ಆಫೀಸಿನ ತಿರುವು ಬಂದೊಡನೆ ಅಮ್ಮನ ಉಂಗುರ ಬೆರಳಿನಿಂದ ಪರ್ಸಿಗೆ ಹೋಗುತ್ತಿತ್ತು. ಕೆಲಸಕ್ಕೆ ಬರುವಾಗ ಕುಮಾರಿ, ಮನೆಗೆ ಹೋಗುವಾಗ ಶ್ರೀಮತಿ. ಹಾಗೇ ಕೆಲವು ವರ್ಷ ನಡೆಯಿತು.

ಆಮೇಲೆ ಟೀಚರು ಹೊಟ್ಟೆಗೆ ಬಂದಳು. ಅಮ್ಮ ನಡುಬೇಸಿಗೆಯಲ್ಲಿ ಸ್ವೆಟರ್ ಹಾಕಲು ಶುರುಮಾಡಿದಳು.

“ಏನಮ್ಮ, ಸ್ಟೂಲು ಯಾಕೆ ಅಷ್ಟು ಹಿಂದಕ್ಕೆ?” ಒಂದು ದಿನ ಸೂಪರ್‌ವೈಸರ್ ಕೇಳಿದರು. ಆಗಿನ್ನೂ ಎಳೇ ವಯಸ್ಸಿನ, ಹೊಸದಾಗಿ ಆ ಕುರ್ಚಿಗೆ ಬಂದಿದ್ದ ಮನುಷ್ಯ.

“ಬೋರ್ಡಿನ ಬಿಸಿ, ಸರ್.”

ಅಷ್ಟರಲ್ಲಿ ಮೇಲಿನ ಸಾಲಿನಲ್ಲಿ ದೀಪ ಹೊತ್ತಿತು. ಅಮ್ಮ ಕೈ ಚಾಚಿದಳು. ನಡುವೆ ಹೊಟ್ಟೆ, ಬೋರ್ಡು ದೂರ. ಆ ಉದ್ದ ಕೈಗೂ ಎಟುಕಲಿಲ್ಲ. ಎದ್ದು ನಿಂತಳು. ನಿಂತಾಗ ಸ್ವೆಟರು ಮುಚ್ಚಬೇಕಾದ್ದನ್ನು ಮುಚ್ಚಲಿಲ್ಲ.

“ಮದುವೆ ಯಾವಾಗ ಆಯ್ತು?”

ಕೋಣೆಯ ಬೆನ್ನುಗಳೆಲ್ಲ ನೆಟ್ಟಗಾದವು. ಅಮ್ಮ ಮೊದಲು ಆ ಕರೆ ಜೋಡಿಸಿದಳು. ಆಮೇಲೆ ತಿರುಗಿದಳು.

“ನಂಗೆ ಮದುವೆ ಆಗಿದೆ ಅಂತ ಯಾರಂದ್ರು ಸರ್?”

“ಮತ್ತೆ ಇದೇನು?”

“ಇದು ಬಸಿರು. ರೂಲ್ಸಿನಲ್ಲಿ ಮದುವೆ ಆಗಬಾರದು ಅಂತಿದೆ. ಬಸುರಿ ಆಗಬಾರದು ಅಂತ ಎಲ್ಲಿದೆ, ತೋರಿಸಿ.”

ಸೂಪರ್‌ವೈಸರ್ ನಿಯಮದ ಪುಸ್ತಕವನ್ನು ಎರಡೆರಡು ಸಲ ಮಗುಚಿ ನೋಡಿದರಂತೆ. ಇರಲಿಲ್ಲ. ಇಂಥದ್ದೊಂದನ್ನು ಬರೆದಿಡಬೇಕಾದೀತು ಎಂದು ಅದನ್ನು ಬರೆದವರಿಗೆ ಹೊಳೆದೇ ಇರಲಿಲ್ಲ.

*

ಸ್ಮಶಾನದಲ್ಲಿ ಮರಗಳಿದ್ದರೂ ಗುಂಡಿ ತೋಡಿದ್ದ ಕಡೆ ನೆರಳಿರಲಿಲ್ಲ. ಮಾಮ ಎಲ್ಲರನ್ನೂ ಅರ್ಧ ಸುತ್ತಿಗೆ ನಿಲ್ಲಿಸಿ, “ಇಲಾಖೆಯ ಹಿರಿಯರು ಎರಡು ಮಾತಾಡ್ತಾರೆ,” ಎಂದು ಘೋಷಿಸಿದರು. ಆಗಲೇ ಟೀಚರು ಜನರ ನಡುವೆ ನಿಂತಿದ್ದ ಆ ಮುದುಕರನ್ನು ಸರಿಯಾಗಿ ನೋಡಿದ್ದು. ಕೋಲು ಹಿಡಿದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೊಮ್ಮಗನ ಹೆಗಲು ಹಿಡಿದುಕೊಂಡು ಮುಂದೆ ಬಂದವರು ಅದೇ ಸೂಪರ್‌ವೈಸರ್.

“ಇಂಥ ಹೆಣ್ಣುಮಕ್ಕಳು ಈಗಿನ ಕಾಲದಲ್ಲಿ ಸಿಗಲ್ಲ,” ನಡುಗುವ ದನಿಯಲ್ಲಿ ಶುರುಮಾಡಿದರು. “ಒಂದು ದಿನ ತಡವಾಗಿ ಬಂದವರಲ್ಲ. ಒಂದು ದಿನ ಎದುರು ಮಾತಾಡಿದವರಲ್ಲ. ಸಾಧು ಅಂದ್ರೆ ಸಾಧು.”

ಹಿಂದಿನಿಂದ ಒಂದು ಉಸಿರು ಬುಸ್ಸೆಂದಿತು. ಟ್ರಂಕ್ ಅಕ್ಕ. ಪಕ್ಕದಲ್ಲಿ ಎನ್‌ಕ್ವೈರಿ ಅಕ್ಕ, ಜೀವಮಾನವಿಡೀ ಹೆಡ್‌ಫೋನು ಹೊತ್ತು ಈಗ ಎರಡೂ ಕಿವಿ ಮಂದ.

“ಏನಂತೆ?” ಎಂದಳು ಎನ್‌ಕ್ವೈರಿ ಅಕ್ಕ. ಪಿಸುಮಾತು ಎಂದುಕೊಂಡು ಆಡಿದ್ದು ಇಡೀ ಸ್ಮಶಾನಕ್ಕೆ ಕೇಳಿಸಿತು.

“ಇವಳು ಸಾಧುವಂತೆ!”

“ಯಾರು?”

“ಇವಳೇ ಕಣೇ!”

ಎನ್‌ಕ್ವೈರಿ ಅಕ್ಕ ಪೆಟ್ಟಿಗೆಯತ್ತ ಗಾಬರಿಯಿಂದ ನೋಡಿದಳು. “ನಾವು ತಪ್ಪಿ ಬೇರೆ ಯಾರ ಮಣ್ಣಿಗಾದ್ರೂ ಬಂದ್ವೇನೆ?”

ಯಾರೋ ಕೆಮ್ಮಿ ನಗು ಮುಚ್ಚಿಕೊಂಡರು. ಮಾಮ ತುಟಿಗೆ ಬೆರಳಿಟ್ಟು ಕಣ್ಣು ಬಿಟ್ಟರು. ಭಾಷಣ ಮುಂದುವರಿಯಿತು: ತ್ಯಾಗ, ತಾಳ್ಮೆ, ಮನೆಗೂ ಇಲಾಖೆಗೂ ಕೀರ್ತಿ. ಟೀಚರಿಗೆ ಪ್ರತಿಯೊಂದು ಮಾತೂ ಕಿವಿಗೆ ಕಾದ ಸೀಸ ಹೊಯ್ದಂತಾಗುತ್ತಿತ್ತು. ಪೆಟ್ಟಿಗೆ ಗುಂಡಿಗೆ ಇಳಿಯಿತು, ಒಬ್ಬೊಬ್ಬರೂ ಹಿಡಿ ಮಣ್ಣು ಹಾಕಿದರು. ಹಾರೆಯವರು ಗುಂಡಿ ಮುಚ್ಚತೊಡಗಿದ ಮೇಲೆ ಅವಳು ನೇರವಾಗಿ ಆ ಮುದುಕರ ಬಳಿಗೆ ಹೋದಳು.

“ನಮ್ಮಮ್ಮನ್ನ ಕೆಲಸದಿಂದ ತೆಗೆದಿದ್ದು ನೀವೇ ಅಲ್ವಾ ಸರ್?”

ಮುದುಕರು ಕಣ್ಣು ಕಿರಿದುಮಾಡಿ ನೋಡಿದರು. ಮೋಸವಿಲ್ಲದ, ತಿಳಿಯಾದ ಕಣ್ಣು.

“ನಾನಾ? ಇಲ್ಲಮ್ಮ! ನಾನೇ ಮೇಲಿನವರಿಗೆ ಹೇಳಿ ಹೇಳಿ ಉಳಿಸಿದ್ದು. ನಾನಿಲ್ಲದಿದ್ರೆ ಆಕೆಯ ಗತಿ ಏನಾಗ್ತಿತ್ತೋ. ಪಾಪ, ಹೊಟ್ಟೇಲಿ ಕೂಸು ಬೇರೆ.” ಅವಳ ಕೈ ಹಿಡಿದುಕೊಂಡರು. “ಆ ಕೂಸು ನೀನೇ ಏನಮ್ಮ? ಚೆನ್ನಾಗಿದ್ದೀಯಾ?”

ಅವರು ಸುಳ್ಳು ಹೇಳುತ್ತಿರಲಿಲ್ಲ. ಯಾವಾಗಲೋ ನೆನಪೇ ಮಗ್ಗುಲು ಬದಲಿಸಿ ಮಲಗಿಬಿಟ್ಟಿತ್ತು. ಟೀಚರಿಗೆ ತನ್ನ ಕೋಪ ಊರಲು ಒಂದು ಅಂಗೈಯಗಲ ಜಾಗವೂ ಅಲ್ಲಿ ಸಿಗಲಿಲ್ಲ. ಕೈ ಬಿಡಿಸಿಕೊಂಡು, “ಚೆನ್ನಾಗಿದ್ದೀನಿ,” ಎಂದಳು.

*

ಕೆಲಸದಿಂದ ತೆಗೆದಿದ್ದು ‘ನಡತೆ ಸರಿಯಿಲ್ಲ’ ಎಂದು. ಅದಕ್ಕೆ ಮೊದಲೇ ಊರಿಗೆಲ್ಲ ಸುದ್ದಿ ಹಬ್ಬಿ ಹೋಗಿತ್ತು: ಎಕ್ಸ್‌ಚೇಂಜಿನಲ್ಲಿ ಒಬ್ಬಳು ಮದುವೆಯಿಲ್ಲದೆ ಬಸುರಿಯಾಗಿದ್ದಾಳಂತೆ, ನಾಚಿಕೆಯಿಲ್ಲದೆ ದಿನಾ ಕೆಲಸಕ್ಕೂ ಬರುತ್ತಾಳಂತೆ. ಮದುವೆಯ ಕಾಗದ ಮನೆಯ ಬಟ್ಟೆಪೆಟ್ಟಿಗೆಯ ತಳದಲ್ಲಿ ಇದ್ದೇ ಇತ್ತು. ತೆಗೆದು ತೋರಿಸಿದ್ದರೆ ಒಂದೇ ದಿನದಲ್ಲಿ ಬಾಯಿಗಳು ಮುಚ್ಚುತ್ತಿದ್ದವು, ಕೆಲಸವೂ ಹೋಗುತ್ತಿತ್ತು. ಅಮ್ಮ ತೋರಿಸಲಿಲ್ಲ. ಮಾಮನಿಗೆ ಆಗ ಹೆಣ್ಣು ನೋಡುತ್ತಿದ್ದರು. ಗೊತ್ತಾದ ಸಂಬಂಧ ಮುರಿಯಿತು, ಮಾಮ ಅಕ್ಕನ ಮನೆಯ ದಾರಿ ಮರೆತರು. ಅಪ್ಪ ಮಾತ್ರ, “ನಾನು ಗಂಡ ಅಂತ ಯಾರೂ ಒಪ್ಪಲ್ಲ, ಅಡುಗೆಯವನು ಅಂತಲಾದ್ರೂ ಸೇರಿಸ್ಕೋ,” ಎಂದು ಅಮ್ಮನನ್ನು ನಗಿಸುತ್ತಿದ್ದ.

ಅಮ್ಮನನ್ನು ಹೊರಗೆ ಹಾಕಿದ ಮರುದಿನ ಟ್ರಂಕ್ ಅಕ್ಕ ಬೆರಳಿಗೆ ಉಂಗುರ ಹಾಕಿಕೊಂಡು ಕೆಲಸಕ್ಕೆ ಬಂದಳು. ಎನ್‌ಕ್ವೈರಿ ಅಕ್ಕನೂ ಹಾಕಿಕೊಂಡು ಬಂದಳು. ಆಮೇಲೆ ನೋಡಿದರೆ ಸಾಲಿನಲ್ಲಿ ಅರ್ಧಕ್ಕರ್ಧ ಹೆಂಗಸರು ಗುಟ್ಟಾಗಿ ಮದುವೆಯಾದವರೇ. ಒಬ್ಬೊಬ್ಬಳೂ ತನ್ನದೊಂದೇ ಕಳ್ಳತನ ಎಂದು ತಿಳಿದು ಹೆದರಿಕೊಂಡು ಕೂತಿದ್ದಳು. ಆ ಮಧ್ಯಾಹ್ನ ಆಸ್ಪತ್ರೆಯ ಲೈನು, ಬೆಂಕಿ ಆರಿಸುವವರ ಲೈನು ಬಿಟ್ಟು ಮಿಕ್ಕ ವೈರುಗಳನ್ನೆಲ್ಲ ಕಿತ್ತು ಮಡಿಲಲ್ಲಿಟ್ಟುಕೊಂಡರು. ಊರಿಗೆ ಊರೇ ಮೂಕವಾಯಿತು.

ನಿಯಮ ಒಂದೇ ಏಟಿಗೆ ಬೀಳಲಿಲ್ಲ. ಬಿದ್ದು, ಅಮ್ಮನಿಗೆ ಮತ್ತೆ ಸ್ಟೂಲು ಸಿಗುವ ಹೊತ್ತಿಗೆ ಟೀಚರು ಗೋಡೆ ಹಿಡಿದು ನಡೆಯುತ್ತಿದ್ದಳು. ಆದರೆ ಊರ ನಾಲಿಗೆ ನಿಯಮಕ್ಕಿಂತ ಗಟ್ಟಿ. ಶಾಲೆಯಲ್ಲಿ ಒಬ್ಬಳು ಹುಡುಗಿ, “ನಿಮ್ಮಮ್ಮಂಗೆ ಮದುವೆನೇ ಆಗಿಲ್ವಂತೆ?” ಎಂದು ಎಲ್ಲರೆದುರು ಕೇಳಿದಳು. ಟೀಚರು ಮನೆಗೆ ಬಂದು ಬ್ಯಾಗು ಎಸೆದು ಕಿರುಚಿದ್ದಳು: “ಆ ಕಾಗದ ತೋರಿಸಿದ್ರೆ ಏನಾಗ್ತಿತ್ತು ನಿಂಗೆ?”

“ಕೋಪ ಬರಬೇಕಾದ್ದೇ,” ಎಂದಿದ್ದಳು ಅಮ್ಮ. “ಆದ್ರೆ ಅದು ನನ್ನ ಮೇಲಲ್ಲ.”

ಆ ಮಾತು ಟೀಚರಿಗೆ ಹಿಡಿಸಲಿಲ್ಲ, ಕೋಪ ಅಮ್ಮನ ಮೇಲೇ ಉಳಿಯಿತು. ಹೋರಾಟ ಎಂಬ ಪದ ಕಿವಿಗೆ ಬಿದ್ದರೆ ಎದ್ದು ಹೋಗುವ ಅಭ್ಯಾಸವಾಯಿತು. ಓದಿದಳು, ಸರ್ಕಾರಿ ಶಾಲೆಯಲ್ಲಿ ಲೆಕ್ಕದ ಟೀಚರಾದಳು, ಊರೆಲ್ಲ ನೋಡುವಂತೆ ಮದುವೆಯಾದಳು, ಬಸುರಿಯಾದಳು. ನಲ್ಲಿ ತಿರುಗಿಸಿದರೆ ನೀರು ಬರುವಂತೆ ಸಂಬಳ ಸಮೇತ ರಜೆ ಬಂತು. “ಎಷ್ಟು ದಿನ ಕೊಟ್ರು?” ಎಂದು ಕೇಳಿದ ಅಮ್ಮ, ಉತ್ತರ ಕೇಳಿ ಕಿಟಕಿಯ ಕಡೆ ತಿರುಗಿ ನಿಂತಿದ್ದಳು. ಇವಳಿಗೆ ಏನು ಬೇಜಾರೋ ಎಂದು ಟೀಚರು ಅಂದುಕೊಂಡಿದ್ದಳು.

*

ಜನ ಕರಗತೊಡಗಿದರು. ಸ್ಮಶಾನದ ನೀರಿನ ತೊಟ್ಟಿಯ ಪಕ್ಕದ ಕಲ್ಲುಬೆಂಚಿನಲ್ಲಿ ಇಬ್ಬರು ಅಕ್ಕಂದಿರು ಕಾಲು ನೀಡಿ ಕೂತಿದ್ದರು. ಅವರ ನಡುವೆ ಮಗಳು. ಟೀಚರು ಹತ್ತಿರ ಬರುವಾಗ ಮಗಳ ಕೈಯಲ್ಲಿ ಫೋನು ಗುಂಯ್‌ಗುಟ್ಟಿತು. ಅವಳು ಎದ್ದು ನಿಂತು ಮಾತಾಡಿದಳು. “ಹೌದು ಸರ್… ಈಗ ತಾನೇ ಮುಗೀತು ಸರ್… ಇವತ್ತು ಒಂದು ದಿನ…” ಆಮೇಲೆ ಸುಮ್ಮನೆ ಕೇಳಿಸಿಕೊಂಡಳು. ಫೋನು ಕೆಳಗಿಳಿಸಿದಾಗ ಮುಖ ಬಿಳಿಚಿಕೊಂಡಿತ್ತು.

“ಏನಂತೆ?” ಎಂದಳು ಟೀಚರು.

“ಮಧ್ಯಾಹ್ನದ ಶಿಫ್ಟಿಗೆ ಬರಬೇಕಂತೆ. ‘ಅಜ್ಜಿ ತಾನೇ? ಅಜ್ಜಿಗೆ ಅರ್ಧ ದಿನ ಸಾಕಲ್ವಾ’ ಅಂದ್ರು.”

ಟ್ರಂಕ್ ಅಕ್ಕ ಬಾಯಿ ತೆರೆದವಳು, ಸತ್ತವಳ ಮರ್ಯಾದೆಗೆಂದು ಆ ಬೈಗುಳವನ್ನು ನುಂಗಿಕೊಂಡಳು. “ಎಲ್ಲಿ ಕೆಲಸ ನಿಂದು?”

“ಇನ್ಶೂರೆನ್ಸ್ ಕಂಪನಿ, ಕಸ್ಟಮರ್ ಕೇರ್. ದಿನವಿಡೀ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಕೂತಿರೋದು.”

“ಅಯ್ಯೋ, ನಮ್ಮ ಹುಡುಗಿನೇ ಹಾಗಾದ್ರೆ,” ಎಂದಳು ಟ್ರಂಕ್ ಅಕ್ಕ. ಹುಡುಗಿಯ ಶಾಲನ್ನೂ ಸುಡುವ ಬಿಸಿಲನ್ನೂ ಒಂದು ಸಲ ನೋಡಿದಳು. ಬಿಡಿಸಿ ಹೇಳುವ ಅಗತ್ಯ ಅವಳಿಗಿರಲಿಲ್ಲ. “ನಿಮ್ಮಜ್ಜಿಗೆ ಗೊತ್ತಿತ್ತಾ?”

ಮಗಳು ತಲೆಯಾಡಿಸಿದಳು. ಉತ್ತರವನ್ನು ಮಾತ್ರ ತಾಯಿಗೆ ಹೇಳಿದಳು. “ಅಜ್ಜಿ ಬೈಲಿಲ್ಲ ಅಮ್ಮ. ‘ಮುಚ್ಚಿಡು, ನಾನೂ ಮುಚ್ಚಿಟ್ಟಿದ್ದೆ. ಆದ್ರೆ ಒಬ್ಬಳೇ ಮುಚ್ಚಿಟ್ಕೋಬೇಡ, ಪಕ್ಕದ ಸೀಟಿನವಳನ್ನ ಕೇಳು’ ಅಂದ್ರು.”

“ಕೇಳಿದ್ಯಾ?”

“ಕೇಳಿದೆ. ಕೇಳಬಾರದಿತ್ತು ಅನ್ನಿಸ್ತು. ಪಕ್ಕದವಳು ಹೋದ ವರ್ಷ ತೆಗೆಸ್ಕೊಂಡ್ಳಂತೆ. ಕೆಲಸಕ್ಕೋಸ್ಕರ. ಮನೇಲೂ ಹೇಳಿಲ್ಲ. ಅವಳಾಚೆ ಕೂರೋಳಿಗೆ ಒಂದು ಮಗು ಇದೆ. ಇಂಟರ್‌ವ್ಯೂನಲ್ಲಿ ಇಲ್ಲ ಅಂತ ಹೇಳಿ ಸೇರಿದ್ದಾಳೆ. ಮಗುಗೆ ಜ್ವರ ಬಂದ್ರೆ ತನಗೇ ಜ್ವರ ಅಂತ ರಜೆ ಹಾಕ್ತಾಳೆ.”

ಟೀಚರು ಬೆಂಚಿನ ತುದಿಗೆ ಕೂತಳು. ಬಹಳ ಹೊತ್ತಿನಿಂದ ನಿಂತೇ ಇದ್ದುದು ಆಗ ಕಾಲಿಗೆ ಗೊತ್ತಾಯಿತು. ಇಷ್ಟು ವರ್ಷ ಆ ಕೋಪವನ್ನು ಎತ್ತಿಕೊಂಡು ತಿರುಗಿದ್ದಳು. ಅಮ್ಮನೇ ಇಲ್ಲದ ಮೇಲೆ ಅದು ಇನ್ನೂ ಬಿಸಿಯಾಗಿಯೇ ಕೈಯಲ್ಲಿತ್ತು.

“ಮೂವರೂ ಸೇರಿ ಮುಂದಿನ ವಾರ ಆಫೀಸಿನ ಎಚ್‌ಆರ್ ಮೇಡಂ ಹತ್ರ ಮಾತಾಡೋಣ ಅಂತಿದ್ವಿ,” ಮಗಳು ಫೋನನ್ನು ಕೈಯಲ್ಲಿ ತಿರುಗಿಸುತ್ತಿದ್ದಳು. “ಹೋದ ವಾರವೂ ಹಾಗೇ ಅಂದ್ಕೊಂಡಿದ್ವಿ.”

“ಹೆದರಿಕೆನಾ?” ಎಂದಳು ಟ್ರಂಕ್ ಅಕ್ಕ.

“ನಿಮಗೆ ಆಗಿರಲಿಲ್ವಾ?”

“ವೈರು ಕಿತ್ತಾಗ ನಂಗೆ ಚಡ್ಡಿ ಒದ್ದೆಯಾಗಿತ್ತು ಕಣೇ. ನಿಮ್ಮಜ್ಜಿ ಸಾಯೋ ತನಕ ಅದನ್ನ ಹೇಳ್ಕೊಂಡು ನಗ್ತಿದ್ಲು.”

ಮಗಳು ನಕ್ಕಳು. ನಗು ಅರ್ಧಕ್ಕೇ ಒಡೆಯಿತು. ತಾಯಿಯ ಮುಖ ನೋಡಿದಳು. ಮನೆಯಲ್ಲಿ ಅಷ್ಟೊಂದು ಕೂಗಾಡಿದ ಟೀಚರಿಗೆ, ಈಗ “ಮಾಡು” ಎನ್ನಲು ನಾಲಿಗೆ ಏಳಲಿಲ್ಲ. ಹೋಗುವುದು ಅವಳ ಸಂಬಳ. ತನ್ನದಲ್ಲ.

“ಅಳಿಯಂದ್ರು ಏನಂತಾರೆ?”

“ಸಂಜೆ ಬಸ್ಸಿಗೆ ಬರ್ತಾರೆ. ನಿನ್ನಿಷ್ಟ ಅಂದಿದ್ದಾರೆ.”

“ಹಾಗಾದ್ರೆ ಕೂತ್ಕೊಂಡು ಮಾತಾಡು,” ಎಂದು ಟೀಚರು ಸರಿದು ಜಾಗ ಮಾಡಿದಳು. “ನಿಂತು ಮಾತಾಡಬೇಡ.”

ಮಗಳು ಕೂತು, ಪಕ್ಕದ ಸೀಟಿನವಳ ನಂಬರು ಒತ್ತಿದಳು, ಎರಡು ಮಾತಾಡಿದಳು. ಇನ್ನೊಂದು ಒತ್ತಿದಳು. ಇಬ್ಬರನ್ನೂ ಲೈನಿನಲ್ಲಿಟ್ಟುಕೊಂಡೇ ಮೂರನೆಯದಾಗಿ ಎಚ್‌ಆರ್ ಮೇಡಂಗೆ ಕರೆ ಹೋಗತೊಡಗಿತು. ಟ್ರಂಕ್ ಅಕ್ಕ ಬಗ್ಗಿ ನೋಡುತ್ತಿದ್ದಳು.

“ಎಲ್ಲ ಒಟ್ಟಿಗಾ? ವೈರೇ ಇಲ್ದೆ?”

“ಶ್!” ಎಂದಳು ಎನ್‌ಕ್ವೈರಿ ಅಕ್ಕ, ಏನೂ ಕೇಳಿಸದಿದ್ದರೂ.

ಆಚೆಯಿಂದ ಒಂದು ಲವಲವಿಕೆಯ ದನಿ, “ಹೇಳಿ, ಏನು ವಿಷಯ?” ಎಂದಿತು.

“ರಜೆ ವಿಷಯ ಮಾತಾಡಬೇಕಿತ್ತು ಮೇಡಂ.” ಮಗಳ ಇನ್ನೊಂದು ಕೈ ಶಾಲಿನ ಅಂಚನ್ನು ಹಿಂಡುತ್ತಿತ್ತು. “ನಾನು ಬಸುರಿ. ನಾಲ್ಕು ತಿಂಗಳು. ನನ್ನ ಜೊತೆ ಇನ್ನಿಬ್ಬರು ಲೈನಲ್ಲಿದ್ದಾರೆ, ಅವರಿಗೂ ಮಾತಾಡೋದಿದೆ.”

ಲವಲವಿಕೆ ಇಳಿದ ದನಿ, “ಲೈನಿನಲ್ಲೇ ಇರಿ,” ಎಂದಿತು. ಟಕ್ ಎಂದು ಸದ್ದಾಗಿ ತೆಳ್ಳನೆಯ ಸಂಗೀತ ಶುರುವಾಯಿತು.

ಮಗಳು ಫೋನನ್ನು ಬೆಂಚಿನ ಮೇಲಿಟ್ಟಳು. ಸಂಗೀತ ಮುಗಿಯಿತು. ಮೊದಲಿಂದ ಶುರುವಾಯಿತು. ಗೇಟಿನ ಹತ್ತಿರ ವ್ಯಾನಿನ ಡ್ರೈವರು ಹಾರ್ನು ಹೊಡೆದ. “ಬರ್ರಮ್ಮ, ಹೊತ್ತಾಯ್ತು!” ಎಂದು ಮಾಮ ಕೈಬೀಸಿದರು. ಟೀಚರು ತಿರುಗಿ ನೋಡದೆ, ಹೋಗಿ ಎಂದು ಕೈಯಲ್ಲೇ ಹೇಳಿದಳು. ಸಂಗೀತ ಮತ್ತೆ ಮುಗಿದು ಮತ್ತೆ ಶುರುವಾಯಿತು. ಅದರ ಅಡಿಯಲ್ಲಿ, ಎಲ್ಲೋ ಒಂದು ಬಾಡಿಗೆ ಕೋಣೆಯಲ್ಲಿ, ಇಂಟರ್‌ವ್ಯೂನಲ್ಲಿ ತಾಯಿ ಇಲ್ಲವೆಂದು ಹೇಳಿದ್ದ ಆ ಮಗು ಅಳತೊಡಗಿತು. ತಾಯಿ ಅಭ್ಯಾಸಬಲದಿಂದ ಅದರ ಬಾಯಿ ಮುಚ್ಚಿರಬೇಕು, ಅಳು ಉಸಿರುಗಟ್ಟಿದಂತೆ ನಿಂತಿತು. ಬೆಂಚಿನ ಮೇಲಿದ್ದ ನಾಲ್ಕು ತಲೆಗಳೂ ಫೋನಿನತ್ತ ಬಾಗಿದವು.

ಸ್ವಲ್ಪ ಹೊತ್ತಿಗೆ ಅಳು ಮತ್ತೆ ಎದ್ದಿತು. ಈಗ ಗಂಟಲು ತೆರೆದು, ಸಂಗೀತವನ್ನೂ ಮೀರಿ ಎದ್ದಿತು. ಎನ್‌ಕ್ವೈರಿ ಅಕ್ಕನಿಗೂ ಕೇಳಿಸಿತು.